ಎಕ್ಸ್‌ರೇಯಲ್ಲಿ ಕಾಣದ ಮಂಕು: ಮಹಾರಾಷ್ಟ್ರದ ಆರೋಗ್ಯ ಸಚಿವರಿಗೆ ಮಾಟುಂಗಾದಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಾರ್ವಜನಿಕ ಆರೋಗ್ಯ ಸಚಿವರಿಗೆ,

ನಮಸ್ಕಾರ. ಮುಂಬಯಿಯ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಇಪ್ಪತ್ತೆಂಟು ವರ್ಷಗಳಿಂದ ಕುಳಿತಿರುವವನು ನಾನು. ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಗಳು ಇದನ್ನು ಮರಾಠಿಗೆ ಇಳಿಸಿ ನಿಮ್ಮ ಕಚೇರಿಗೆ ಕಳುಹಿಸುತ್ತಾಳೆ. ಮರಾಠಿ ನನಗೂ ಬರುತ್ತದೆ; ಆದರೂ ಕನ್ನಡದಲ್ಲೇ ಏಕೆ ಬರೆದೆ ಎಂಬುದೇ ಈ ಪತ್ರದ ಅರ್ಧ ವಿಷಯ.

ನನ್ನ ಹೆಂಡತಿಯ ತಮ್ಮ ನಮ್ಮ ಹೋಟೆಲಿನ ಮುಖ್ಯ ಅಡುಗೆಯವನಾಗಿದ್ದ. ಸಾಂಬಾರಿಗೆ ಹುರಿಯುವ ಕೊತ್ತಂಬರಿ ಹದಕ್ಕೆ ಬಂತೇ ಎಂದು ಅವನು ಬಾಣಲೆಯ ಕಡೆ ತಿರುಗಿ ನೋಡಿದವನೇ ಅಲ್ಲ. ಒಲೆಗೆ ಬೆನ್ನು ಹಾಕಿ ಕುಂಬಳಕಾಯಿ ಹೆಚ್ಚುತ್ತಿರುವಾಗಲೇ ಮೂಗಿಗೆ ತಿಳಿದುಬಿಡುತ್ತಿತ್ತು; "ಇಳಿಸು" ಎನ್ನುತ್ತಿದ್ದ. 2021ರ ಏಪ್ರಿಲ್‌ನಲ್ಲಿ ಅವನಿಗೆ ಕೋವಿಡ್ ಬಂತು. ಆಸ್ಪತ್ರೆ ಸೇರುವಷ್ಟೇನೂ ಆಗಲಿಲ್ಲ. ಹೋಟೆಲಿನ ಮೇಲಿನ ಕೋಣೆಯಲ್ಲಿ ಹದಿನೈದು ದಿನ ಮಲಗಿದ್ದು ಎದ್ದ. ಹೋದ ವಾಸನೆ ಮೂರು ತಿಂಗಳಲ್ಲಿ ಅರ್ಧದಷ್ಟು ಮರಳಿತು. ಸದ್ಯ, ಪಾರಾದೆವು ಎಂದುಕೊಂಡೆವು.

ಒಂದು ದಿನ ಸಾಂಬಾರಿಗೆ ಎರಡು ಸಲ ಉಪ್ಪು ಬಿತ್ತು. ಇನ್ನೊಂದು ದಿನ ಉಗ್ರಾಣದ ಬಾಗಿಲಲ್ಲಿ ಕೈಯಲ್ಲಿ ಸೇರು ಹಿಡಿದು ನಿಂತೇ ಇದ್ದ. ಏನೋ ಎಂದು ಕೇಳಿದರೆ, "ಭಾವ, ನಾನು ಇಲ್ಲಿಗೆ ಯಾಕೆ ಬಂದೆ?" ಎಂದ. ಆಮೇಲೆ ತಾನೇ ಒಂದು ದಾರಿ ಕಂಡುಕೊಂಡ: ಉಪ್ಪು ಹಾಕಿದ ಕೂಡಲೇ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೆರೆ, ಹುಳಿ ಹಾಕಿದರೆ ಅದರ ಪಕ್ಕ ಇನ್ನೊಂದು. ಹುಡುಗರು ನಕ್ಕರು. ಮೊದಮೊದಲು ನಾನೂ ನಕ್ಕೆ. ಆ ನಾಚಿಕೆ ಇನ್ನೂ ಹೋಗಿಲ್ಲ. ರಾತ್ರಿ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಊರಿಗೆ ಫೋನ್ ಮಾಡುವುದು ನಿಂತಿತು. ಒಮ್ಮೆ ದೋಸೆ ಹಿಟ್ಟಿನ ಪಾತ್ರೆಯ ಮುಂದೆ ಕುಳಿತು, ಕಾರಣವೇ ಇಲ್ಲದೆ ಅತ್ತ.

ಒಬ್ಬ ವೈದ್ಯರಲ್ಲಿಗೆ ಕರೆದೊಯ್ದೆವು. ಎಕ್ಸ್‌ರೇ, ಆಮ್ಲಜನಕ, ರಕ್ತ ಎಲ್ಲವನ್ನೂ ನೋಡಿ, ಎಲ್ಲವೂ ಸರಿಯಾಗಿದೆ ಎಂದರು. "ತಲೆಗೆ ಮಂಕು ಕವಿದ ಹಾಗಿದೆ" ಎನ್ನುವುದು ಅವನ ಮನಸ್ಸಿನಲ್ಲಿದ್ದ ಮಾತು. ಮಂಕು ಎಂದರೆ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ನೋವಲ್ಲ, ಹುಚ್ಚಲ್ಲ, ದೀಪದ ಗಾಜಿಗೆ ಮಸಿ ಹಿಡಿದ ಹಾಗೆ. ಅಡುಗೆಮನೆಯ ಹಿಂದಿಯಲ್ಲಿ ಆ ಮಾತು ಸಿಗದೆ, ಕೈಯನ್ನು ತಲೆಯ ಸುತ್ತ ತಿರುಗಿಸಿ "ಚಕ್ಕರ್" ಎಂದ. ವೈದ್ಯರು ತಲೆಸುತ್ತಿಗೆ ಮಾತ್ರೆ ಬರೆದರು. ಎರಡು ತಿಂಗಳು, ಇಲ್ಲದ ತಲೆಸುತ್ತಿಗೆ ಮಾತ್ರೆ ನುಂಗಿದ.

ವೈದ್ಯರನ್ನು ದೂರುವುದು ನನ್ನ ಉದ್ದೇಶವಲ್ಲ. ಹೊರಗೆ ಎಂಬತ್ತು ಜನ ಕಾಯುತ್ತಿದ್ದರು. ಆದರೆ ಶ್ವಾಸಕೋಶದ ಕಾಯಿಲೆ ಎಂದು ಹೆಸರು ಬಿದ್ದ ಮೇಲೆ ಶ್ವಾಸಕೋಶ ಸರಿಯಾದರೆ ಕಾಯಿಲೆ ಮುಗಿಯಿತು ಎಂಬ ಲೆಕ್ಕವಿದೆಯಲ್ಲ, ಅದು ತಪ್ಪು ಲೆಕ್ಕ. ಈ ವೈರಸ್ ಮೂಗಿನಲ್ಲಿ ವಾಸನೆಯ ನರಗಳಿಗೆ ಆಸರೆಯಾಗಿರುವ ಜೀವಕೋಶಗಳನ್ನು ಹಿಡಿಯುತ್ತದೆ. ಮೆದುಳಿಗೆ ತೊಂದರೆಯಾಗಲು ಅದು ಮೆದುಳಿನ ಒಳಗೇ ಹೋಗಿ ಕೂರಬೇಕೆಂದಿಲ್ಲ. ಸೋಂಕಿನ ವಿರುದ್ಧ ದೇಹ ಎಬ್ಬಿಸುವ ಉರಿಯೂತವೇ ಮೆದುಳಿನ ಕಾವಲು ಕೋಶಗಳನ್ನು ಕೆರಳಿಸಬಲ್ಲದು, ಸಣ್ಣ ರಕ್ತನಾಳಗಳನ್ನು ಕೆಡಿಸಬಲ್ಲದು. ಒಲೆ ಆರಿಸಿದ ಮೇಲೂ ದಪ್ಪ ತಳದ ಪಾತ್ರೆಯಲ್ಲಿ ಕಾವು ಉಳಿದು ಪಾಯಸ ತಳ ಹಿಡಿಯುತ್ತದೆ. ನನಗೆ ಅರ್ಥವಾಗಿದ್ದು ಹಾಗೆ.

ಬ್ರಿಟನ್ನಿನಲ್ಲಿ 51ರಿಂದ 81 ವರ್ಷದ 785 ಜನರ ಮೆದುಳನ್ನು ಎರಡು ಸಲ ಸ್ಕ್ಯಾನ್ ಮಾಡಿ ಹೋಲಿಸಿದ ಅಧ್ಯಯನ 2022ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಎರಡು ಸ್ಕ್ಯಾನ್‌ಗಳ ನಡುವೆ ಅವರಲ್ಲಿ 401 ಜನರಿಗೆ ಕೋವಿಡ್ ಆಗಿತ್ತು, ಹೆಚ್ಚಿನವರಿಗೆ ಸೌಮ್ಯವಾಗಿಯೇ. ವಾಸನೆಗೆ ಸಂಬಂಧಪಟ್ಟ ಭಾಗಗಳು ಅವರಲ್ಲಿ ಸ್ವಲ್ಪ ಹೆಚ್ಚು ಸವೆದಿದ್ದವು. ಆಕ್ಸ್‌ಫರ್ಡ್‌ನ ತಂಡವೊಂದು 2021ರಲ್ಲಿ, ಹೆಚ್ಚಾಗಿ ಅಮೆರಿಕದವರಾದ 2,36,379 ಕೋವಿಡ್ ರೋಗಿಗಳ ದಾಖಲೆಗಳನ್ನು ನೋಡಿದಾಗ, ಮೂವರಲ್ಲಿ ಒಬ್ಬರಿಗೆ ಆರು ತಿಂಗಳೊಳಗೆ ನರದ ಅಥವಾ ಮನಸ್ಸಿನ ಕಾಯಿಲೆಯೊಂದು ದಾಖಲಾಗಿತ್ತು. ಹಳೆಯ ಕಾಯಿಲೆ ಮರುಕಳಿಸಿದವರೂ ಅದರಲ್ಲಿದ್ದರು. ಫ್ಲೂ ಬಂದವರಿಗಿಂತ ಇವರಲ್ಲಿ ಅಪಾಯ ಹೆಚ್ಚಿತ್ತು. ಅದೇ ತಂಡ ಮರುವರ್ಷ ಕಂಡದ್ದನ್ನೂ ಹೇಳಬೇಕು, ಇಲ್ಲದಿದ್ದರೆ ಹೆದರಿಸಿದಂತಾಗುತ್ತದೆ: ಖಿನ್ನತೆ, ಆತಂಕಗಳ ಹೆಚ್ಚಳ ಒಂದೆರಡು ತಿಂಗಳಲ್ಲಿ ಇಳಿದಿತ್ತು. ಮಂಕಿನ ಅಪಾಯ ಮಾತ್ರ ಎರಡು ವರ್ಷ ಕಳೆದರೂ ಇಳಿದಿರಲಿಲ್ಲ.

ಎಲ್ಲ ದುಃಖವನ್ನೂ ವೈರಸ್ಸಿನ ತಲೆಗೆ ಕಟ್ಟಲಾಗದು, ಒಪ್ಪುತ್ತೇನೆ. ಹೋಟೆಲ್ ಮುಚ್ಚಿತ್ತು, ಸಂಬಳ ಅರ್ಧವಾಗಿತ್ತು, ಊರಲ್ಲಿ ಅವನ ತಾಯಿ ತೀರಿಕೊಂಡಾಗ ಹೋಗಲಾಗಲಿಲ್ಲ. ಮಹಾಮಾರಿಯ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇ. 25ರಷ್ಟು ಹೆಚ್ಚಿದವು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಅವನೊಳಗೆ ಯಾವುದು ಸೋಂಕಿನದು, ಯಾವುದು ಸಂಕಟದ್ದು ಎಂದು ನಾನು ಬೇರ್ಪಡಿಸಲಾರೆ. ಯಾರಾದರೂ ಕೂರಿಸಿ ಕೇಳಬೇಕಿತ್ತು, ಅಷ್ಟೇ.

ಈ ಊರಿಗೆ ಇದು ಹೊಸದೂ ಅಲ್ಲ. 1918ರ ಜೂನ್‌ನಲ್ಲಿ ಇನ್‌ಫ್ಲುಯೆಂಜಾ ಮುಂಬಯಿಯಲ್ಲಿ ಕಾಣಿಸಿಕೊಂಡಾಗ ಆಸ್ಪತ್ರೆ ಸೇರಿದ ಮೊದಲಿಗರು ಪೊಲೀಸ್ ಸಿಪಾಯಿಗಳು. ಆ ಜ್ವರದಿಂದ ಎದ್ದವರಲ್ಲಿ ಉಳಿಯುವ ದಣಿವು, ಖಿನ್ನತೆಗಳನ್ನು ಅಂದಿನ ವೈದ್ಯರೂ ಬರೆದಿಟ್ಟಿದ್ದಾರೆ. ಕೋವಿಡ್ ನಂತರ ಉಳಿಯುವ ಸ್ಥಿತಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ವ್ಯಾಖ್ಯೆ ಕೊಟ್ಟಿತು. ದಣಿವು, ಉಬ್ಬಸಗಳ ಜೊತೆಗೆ ಮರೆವು, ಯೋಚನೆಯ ಮಂದಗತಿಗಳೂ ಅದರಲ್ಲಿವೆ. ಹೆಸರಿದೆ, ವ್ಯಾಖ್ಯೆಯಿದೆ. ನಮ್ಮ ಹುಡುಗನ ಚೀಟಿಯಲ್ಲಿ ಮಾತ್ರ "ಚಕ್ಕರ್".

ನಾನು ಕೇಳುವುದು ದೊಡ್ಡ ಆಸ್ಪತ್ರೆಯನ್ನಲ್ಲ. "ಆಪ್ಲಾ ದವಾಖಾನಾ"ದಂಥ ಸಣ್ಣ ಸರ್ಕಾರಿ ಚಿಕಿತ್ಸಾಲಯಗಳಲ್ಲಿ ವೈರಲ್ ಜ್ವರದಿಂದ ಎದ್ದು ಬಂದವರನ್ನು ಕೆಮ್ಮಿದೆಯೇ ಎಂದು ಕೇಳಿದ ಮೇಲೆ ಇನ್ನೆರಡು ಪ್ರಶ್ನೆ ಕೇಳಲಿ: ಮೊದಲಿನಂತೆ ನೆನಪಿರುತ್ತದೆಯೇ, ನಿದ್ದೆ ಬರುತ್ತದೆಯೇ. ಆ ಪ್ರಶ್ನೆಗಳು ಮರಾಠಿ, ಹಿಂದಿಗಳ ಜೊತೆ ಕನ್ನಡದಲ್ಲೂ ಅಚ್ಚಾಗಿರಲಿ. ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತಾ ಬಂದ ಊರಿದು. ಒಂದು ಹಾಳೆ ಅಚ್ಚು ಹಾಕಿಸುವುದು ಕಷ್ಟವೇ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕೆನ್ನುತ್ತದೆ. ಕೊಡುವ ಮಾತು ಹಾಗಿರಲಿ, ರೋಗಿ ಹೇಳಿದ್ದು ಮೊದಲು ವೈದ್ಯರಿಗೆ ಅರ್ಥವಾಗಬೇಕಲ್ಲ.

2022ರ ಅಕ್ಟೋಬರ್ 10ರಿಂದ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು ಎಂಬುದು ನನಗೆ ತಿಳಿದದ್ದೇ ತಡವಾಗಿ, ಅದೂ ಮಗಳಿಂದ. ನಮ್ಮ ಅಡುಗೆಮನೆಯಲ್ಲಿ ಅಗ್ನಿಶಾಮಕದ ಸಂಖ್ಯೆ ಅಂಟಿಸಿರಬೇಕೆಂದು ತಪಾಸಣೆಯವರು ಹೇಳುತ್ತಾರೆ, ಅಂಟಿಸಿದ್ದೇವೆ. ಅದರ ಪಕ್ಕದಲ್ಲೇ ಈ ಐದು ಅಂಕಿಗಳನ್ನೂ ಅಂಟಿಸಿ ಎಂದು ನಿಮ್ಮ ಇಲಾಖೆ ಹೇಳಲಿ. ಇನ್ನೊಂದು: ಇಂಥವನಿಗೆ ಕೆಲವು ತಿಂಗಳು ಹಗುರ ಕೆಲಸ ಕೊಡಿ ಎಂದು ವೈದ್ಯರು ಬರೆದುಕೊಟ್ಟರೆ ಮಾಲೀಕರು ಕೇಳುತ್ತಾರೆ. ನಾನು ಹೇಳಿದರೆ ಸಂಬಂಧಿಕನ ಪರ ವಹಿಸುತ್ತಾನೆ ಎನ್ನುತ್ತಾರೆ.

ಭಾವಮೈದುನ ಈಗ ತರಕಾರಿ ಹೆಚ್ಚುವ ಕೆಲಸದಲ್ಲಿದ್ದಾನೆ, ಕಡಿಮೆ ಸಂಬಳಕ್ಕೆ. ಹೋದ ದೀಪಾವಳಿಗೆ ಅಡುಗೆಮನೆಗೆ ಬಣ್ಣ ಹೊಡೆಯಲು ಬಂದವರು ಆ ಗೆರೆಗಳನ್ನು ಅಳಿಸಲೇ ಎಂದು ಅವನನ್ನೇ ಕೇಳಿದರು. ಅವನು ಬೇಡವೆಂದ. ನಿಮ್ಮ ಇಲಾಖೆಯವರು ಯಾರಾದರೂ ಬರುವುದಾದರೆ ಮಧ್ಯಾಹ್ನ ಮೂರರಿಂದ ನಾಲ್ಕೂವರೆಯೊಳಗೆ ಬರಲಿ. ಊಟದ ಗಿರಾಕಿಗಳು ಹೋಗಿ ತಿಂಡಿಯವರು ಬರುವ ಮೊದಲು ಅವನಿಗೆ ಬಿಡುವಿರುತ್ತದೆ. ಕನ್ನಡ ಬಲ್ಲ ಒಬ್ಬರು ಜೊತೆಗಿದ್ದರೆ ಒಳ್ಳೆಯದು.

ಇಂತಿ,
ಮಾಟುಂಗಾದ ಒಬ್ಬ ಹೋಟೆಲ್ ನೌಕರ