ಮಗಳಿಗೊಂದು ಪತ್ರ: ದೊಡ್ಡಮ್ಮನ ಸರ

ಪುಟ್ಟಿ,

ನಿನ್ನೆ ಫೋನ್ ಬೇಗ ಇಟ್ಟುಬಿಟ್ಟೆ, ಬೇಜಾರಾಯ್ತಾ? ಎರಡು ಕೈಯಲ್ಲೂ ಇಕ್ಕಳ ಇತ್ತು ಕಣೇ.

ನಮ್ಮ ಕುಶಲಕರ್ಮಿಗಳ ಗುಂಪಿನಿಂದ ಈ ಸಲ ಚನ್ನಪಟ್ಟಣದ ದೊಡ್ಡಮ್ಮನಿಗೆ ಸನ್ಮಾನ. ಶಾಲು, ಹಾರ, ಫಲಕ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ. ಇಷ್ಟು ವರ್ಷ ಬೊಂಬೆಗೆ ಆಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿದ ಕೈಗೆ ಕೈಯಲ್ಲೇ ಮಾಡಿದ್ದು ಕೊಡಬೇಕು ಅಂತ ನಾನು ಹಟ ಹಿಡಿದೆ. ಅದಕ್ಕೇ ಬೆಳ್ಳಿಯ ಚೈನ್‌ಮೇಲ್ ಸರ. ಹಿಂದಿನ ಕಾಲದ ಸೈನಿಕರು ಕಬ್ಬಿಣದ ಬಳೆಗಳ ಅಂಗಿ ತೊಡುತ್ತಿದ್ದರಲ್ಲ, ಅದೇ ವಿದ್ಯೆ. ನಾನು ಹಾಕುತ್ತಿರುವುದು ಬೈಜಾಂಟೈನ್ ಹೆಣಿಗೆ, ಸಣ್ಣ ಉಂಗುರಗಳನ್ನು ಒಂದರೊಳಗೊಂದು ಕೋದು ಸರ ಮಾಡುವ ಒಂದು ಬಗೆ.

ಮೊದಲ ಸಲ ಕೆಟ್ಟಿತು. ಉಂಗುರ ಮಾಡಲು 1.2 ಮಿ.ಮೀ. ತಂತಿಯನ್ನು 5 ಮಿ.ಮೀ. ಕಡ್ಡಿಗೆ ಸುರುಳಿಯಾಗಿ ಸುತ್ತಿ ಕತ್ತರಿಸಿದ್ದೆ. ಹೆಣೆದ ಮೇಲೆ ಸರ ಜೋಲುಬಿತ್ತು, ನೆನೆದ ಹಗ್ಗದ ಹಾಗೆ. ಉಂಗುರದ ಒಳಗಲ ತಂತಿಯ ದಪ್ಪದ ಸುಮಾರು ಮೂರೂವರೆ ಪಟ್ಟು ಇದ್ದರೇ ಈ ಹೆಣಿಗೆ ಮೈದುಂಬಿ ನಿಲ್ಲುವುದು. ಎಲ್ಲ ಬಿಚ್ಚಿ, 4 ಮಿ.ಮೀ. ಕಡ್ಡಿಗೆ ಹೊಸ ತಂತಿ ಸುತ್ತಿದೆ. ಕಡ್ಡಿಯಿಂದ ಬಿಟ್ಟ ಕೂಡಲೇ ಸುರುಳಿ ಒಂಚೂರು ಅಗಲವಾಗುತ್ತದೆ, ಲೆಕ್ಕ ಸರಿಹೋಯಿತು.

ಇದರಲ್ಲಿ ಬೆಸುಗೆ ಇಲ್ಲ. ಹಾಗಾಗಿ ಉಂಗುರದ ಬಾಯಿ ಕೂಡಿಸುವುದೇ ಜಾಸ್ತಿ ಕೆಲಸ. ಕತ್ತರಿಯಲ್ಲಿ ಕತ್ತರಿಸಿದರೆ ತುದಿ ಚೂಪಾಗುತ್ತದೆ, ಅದಕ್ಕೆ ಸಣ್ಣ ಗರಗಸ. ಉಂಗುರವನ್ನು ಅಗಲಕ್ಕೆ ಎಳೆಯಬಾರದು. ಒಂದು ತುದಿ ನಮ್ಮ ಕಡೆಗೆ, ಇನ್ನೊಂದು ಆಚೆಗೆ ತಿರುಗಿಸಿ ತೆರೆಯಬೇಕು. ಮುಚ್ಚುವಾಗ ಚೂರು ದಾಟಿಸಿ ವಾಪಸ್ ತಂದರೆ ತುದಿಗಳು ಒಂದಕ್ಕೊಂದು ಉಜ್ಜಿ ಸಣ್ಣಗೆ ಟಿಕ್ ಅನ್ನುತ್ತವೆ. ಆಮೇಲೆ ಉಗುರು ಓಡಿಸಿ ನೋಡುತ್ತೇನೆ. ತಡೆದರೆ ಮತ್ತೆ ಇಕ್ಕಳ. ನಿನ್ನಪ್ಪ, "ಯಾರು ನೋಡ್ತಾರೆ ಬಿಡೇ" ಅಂದರು. ದೊಡ್ಡಮ್ಮ ನೋಡುತ್ತಾರೆ. ಕೇದಗೆ ಎಲೆಯಿಂದ ಬುಗುರಿಗೆ ಹೊಳಪು ಕೊಟ್ಟ ಮೇಲೆ ಅವರು ಹೆಬ್ಬೆರಳು ಹೇಗೆ ಸವರುತ್ತಾರೆ, ನೀನೂ ನೋಡಿದ್ದೀಯಲ್ಲ. ಈ ಸರವನ್ನೂ ಕಣ್ಣಿಗಿಂತ ಮೊದಲು ಬೆರಳಲ್ಲೇ ನೋಡುತ್ತಾರೆ.

ಮರ ತಿರುಗಿಸಿ ಕಡೆಯುವ ಲೇತ್ ಯಂತ್ರದ ಮುಂದೆ ಸರ ಹಾಕಿಕೊಂಡು ಕೂರುವ ಹಾಗಿಲ್ಲ, ಸಿಕ್ಕಿಕೊಂಡರೆ ಅಪಾಯ. ಅದಕ್ಕೆ ಸುಲಭವಾಗಿ ಬಿಚ್ಚುವ ಕೊಕ್ಕೆ ಇಟ್ಟಿದ್ದೇನೆ.

ಇನ್ನು ನಡುವಿನ ಜಾಗ ಖಾಲಿ ಇದೆ. ನೀನು ಮೂರು ವರ್ಷದವಳಿದ್ದಾಗ ಅವರು ಮಾಡಿಕೊಟ್ಟ ಲೆಕ್ಕದ ಮಣಿಗಳಲ್ಲಿ ಒಂದು ಕೆಂಪು ಮಣಿ ಇನ್ನೂ ನಿನ್ನ ಡಬ್ಬಿಯಲ್ಲಿದೆ. ಬಣ್ಣ ಒಂಚೂರೂ ಮಾಸಿಲ್ಲ. ಅದನ್ನು ಪೋಣಿಸಲಾ? ನೀನು ಹೂಂ ಅಂದರೆ ಮಾತ್ರ.

ನಿನ್ನ ಅಮ್ಮ