‘ಬಂದರು’ ಮತ್ತು ‘ಬಂದ’: ಯುವ ಲೇಖಕಿಗೊಂದು ಪತ್ರ

ಪ್ರೀತಿಯ ತಂಗಿ,

ನಿನ್ನ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣು ತೇವವಾಯಿತು. ಎರಡನೆಯ ಸಲ ಪೆನ್ಸಿಲ್ ಹಿಡಿದು ಕುಳಿತೆ. ಅಫ್ಘಾನಿಸ್ತಾನದ ಬಗ್ರಾಮ್ ಸೇನಾ ನೆಲೆಯಲ್ಲಿ, ಅಮೆರಿಕದ ಸೈನಿಕರ ವಶದಲ್ಲಿ, 2002ರ ಡಿಸೆಂಬರ್ 10ರಂದು ಸತ್ತ ದಿಲಾವರ್ ಎಂಬ ಟ್ಯಾಕ್ಸಿ ಚಾಲಕನ ಬಗ್ಗೆ ಕನ್ನಡದಲ್ಲಿ ಬರೆಯಬೇಕೆಂದು ನಿನಗೆ ಅನ್ನಿಸಿದ್ದೇ ನನಗೆ ದೊಡ್ಡ ಸಂಗತಿ. ಅದಕ್ಕೇ ಹೊಗಳಿಕೆಯನ್ನು ಬದಿಗಿಟ್ಟು ನೇರವಾಗಿ ನಿನ್ನ ಕ್ರಿಯಾಪದಗಳಿಗೆ ಬರುತ್ತೇನೆ.

ಮೂರನೆಯ ಪುಟದಲ್ಲಿ ಹೀಗಿದೆ: ‘ವಿಚಾರಣಾಧಿಕಾರಿ ಕೋಣೆಗೆ ಬಂದರು. ಶಂಕಿತ ಉಗ್ರ ನೀರು ಕೇಳಿದ.’ ಒಬ್ಬರು ‘ಬಂದರು’, ಇನ್ನೊಬ್ಬ ‘ಕೇಳಿದ’. ನೀನು ಬೇಕೆಂದು ಹೀಗೆ ಬರೆದಿಲ್ಲ, ಗೊತ್ತು. ನಮ್ಮ ಪತ್ರಿಕೆಗಳನ್ನು ಓದಿ ಬೆಳೆದ ಯಾರ ಕೈಯಾದರೂ ಹೀಗೆಯೇ ಓಡುತ್ತದೆ. ಅಧಿಕಾರಿಗಳು ತಿಳಿಸಿದ್ದಾರೆ, ಆರೋಪಿ ಬಾಯಿಬಿಟ್ಟಿದ್ದಾನೆ. ನ್ಯಾಯಾಲಯದ ಬಾಗಿಲು ತೆರೆಯುವ ಮೊದಲೇ ಕ್ರಿಯಾಪದದ ಕೊನೆಯ ಅಕ್ಷರ ತೀರ್ಪು ಕೊಟ್ಟುಬಿಟ್ಟಿರುತ್ತದೆ. ಇಂಗ್ಲಿಷಿನಲ್ಲಿ ಬರೆಯುವವನಿಗೆ ಈ ಕಷ್ಟವಿಲ್ಲ. ನಮಗಿದೆ, ಆದ್ದರಿಂದ ನಮ್ಮ ಹೊಣೆಯೂ ಹೆಚ್ಚು.

ಹಾಗೆಂದು ದಿಲಾವರ್‌ಗೆ ಬಹುವಚನ ತೊಡಿಸು ಎನ್ನುತ್ತಿಲ್ಲ. ಅವನಿಗೆ ಆಗ 22 ವರ್ಷ, ನನ್ನ ಮಗನಿಗಿಂತ ಚಿಕ್ಕವನು. ಏಕವಚನದಲ್ಲಿ ತಾತ್ಸಾರವೂ ಇದೆ, ಸಲಿಗೆಯೂ ಇದೆ. ನಿನ್ನನ್ನು ನಾನು ‘ನೀನು’ ಎನ್ನುವುದು ಯಾವುದರಿಂದ ಎಂದು ನಿನಗೆ ಗೊತ್ತು. ಬಹುವಚನವನ್ನು ಆ ಅಧಿಕಾರಿಯಿಂದ ಕಳಚು, ಸಾಕು. ಅವನಿಗೆ 21 ವರ್ಷ. ಎದುರುಬದುರು ಇದ್ದವರು ಇಬ್ಬರು ಹುಡುಗರು, ಅವರಲ್ಲಿ ಒಬ್ಬನು ಕೈದಿ. ಹೀಗೆ ನೋಡಿದರೆ ನಿನ್ನ ಇಡೀ ಪುಟ ಬದಲಾಗುತ್ತದೆ. ಈ ಪತ್ರದಲ್ಲಿ ಮಂತ್ರಿಯಿಂದ ಕೈದಿಯವರೆಗೆ ಎಲ್ಲರಿಗೂ ಏಕವಚನವನ್ನೇ ಬಳಸುತ್ತೇನೆ. ಓದುವಾಗ ಎಲ್ಲಿ ಕಿವಿಗೆ ಒರಟು ಅನ್ನಿಸುತ್ತದೆ ಎಂದು ಗಮನಿಸು.

‘ಶಂಕಿತ’ ಎಂಬ ಪದದ ಮೇಲೂ ಒಂದು ಕಣ್ಣಿರಲಿ. ಶೀರ್ಷಿಕೆಯಲ್ಲಿ ‘ಶಂಕಿತ ಉಗ್ರ’ ಇದ್ದವನು ಎರಡನೆಯ ಪ್ಯಾರಾದಲ್ಲಿ ಬರೀ ‘ಉಗ್ರ’ ಆಗಿರುತ್ತಾನೆ. ಬೆಂಗಳೂರಿನಲ್ಲಿ ಓದಿದ ಯುವ ವೈದ್ಯನೊಬ್ಬನನ್ನು 2007ರಲ್ಲಿ ಆಸ್ಟ್ರೇಲಿಯಾದ ಪೊಲೀಸರು ಒಂದು ಸಿಮ್ ಕಾರ್ಡಿನ ನೆಪದಲ್ಲಿ ಹಿಡಿದು, ಆರೋಪವನ್ನೇ ಹೊರಿಸದೆ 12 ದಿನ ಇಟ್ಟುಕೊಂಡಿದ್ದರು. ಅದು ಸೇನೆಯ ಸೆರೆಯಲ್ಲ, ಅವನನ್ನು ಯಾರೂ ಹೊಡೆಯಲೂ ಇಲ್ಲ; ಆಮೇಲೆ ಮೊಕದ್ದಮೆ ಬಿದ್ದುಹೋಯಿತು, ಪರಿಹಾರವೂ ಸಿಕ್ಕಿತು. ಆದರೆ ‘ಶಂಕಿತ’ ಎಂಬ ಪದ ಎಷ್ಟು ಬೇಗ ಸವೆಯುತ್ತದೆ ಎಂದು ನಮ್ಮೂರಿನವರು ಆಗ ಹತ್ತಿರದಿಂದ ಕಂಡರು.

ಇನ್ನು ಆ ನೀರಿನ ಬಾಟಲಿ. ನೀನು ಅದನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟು, ಮುಂದಿನ ಎರಡು ಪುಟಗಳನ್ನು ಸಾಮ್ರಾಜ್ಯಶಾಹಿಯ ಕುರಿತ ನಿನ್ನ ಸಿಟ್ಟಿಗೆ ಕೊಟ್ಟಿದ್ದೀಯ. ಸಿಟ್ಟು ನ್ಯಾಯವಾದದ್ದೇ. ಆದರೆ ನಿಲ್ಲಬೇಕಾದ ಜಾಗ ಬಾಟಲಿ. ದಿಲಾವರ್ ಕುಡಿಯಲು ನೀರು ಕೇಳಿದ. ಆ ಹುಡುಗ ದೊಡ್ಡ ಪ್ಲಾಸ್ಟಿಕ್ ಬಾಟಲಿಯೊಂದನ್ನು ಎತ್ತಿಕೊಂಡ, ಮೊದಲು ಅದರ ತಳಕ್ಕೆ ತೂತು ಮಾಡಿದ, ಆಮೇಲೆ ಕೊಟ್ಟ. ದಿಲಾವರ್‌ನ ಬೆರಳುಗಳಲ್ಲಿ ಮುಚ್ಚಳ ತಿರುಗಿಸುವ ಶಕ್ತಿಯೂ ಇರಲಿಲ್ಲ. ಅವನು ತಡಕಾಡುತ್ತಿದ್ದಂತೆ ನೀರೆಲ್ಲ ಕೆಳಗಿನಿಂದ ಅವನ ಕಿತ್ತಳೆ ಬಣ್ಣದ ಕೈದಿ ಬಟ್ಟೆಯ ಮೇಲೆ ಸುರಿದುಹೋಯಿತು. ಆಮೇಲೆ ಬಾಟಲಿಯನ್ನು ಕಿತ್ತುಕೊಂಡು, ಕುಡಿ, ಕುಡಿ ಎನ್ನುತ್ತ ಮುಖಕ್ಕೇ ಚಿಮ್ಮಿಸಿದ. ಪಕ್ಕದಲ್ಲಿದ್ದ ದುಭಾಷಿ ಇದನ್ನೆಲ್ಲ ನೋಡಿದ್ದ, ತನಿಖೆಯಲ್ಲಿ ಹೇಳಿದ. ಸುಮಾರು 2,000 ಪುಟಗಳ ಸೇನಾ ತನಿಖಾ ಕಡತದಿಂದ ಹೊರಬಂದ ಮಾತಿದು, ಯಾರೋ ಕಟ್ಟಿದ ಕತೆಯಲ್ಲ. ಇಲ್ಲಿ ನಿನ್ನ ಒಂದು ವಿಶೇಷಣವೂ ಬೇಡ. ‘ಕ್ರೂರವಾಗಿ’ ಎಂದು ಸೇರಿಸಿದರೆ ತೂತು ಮುಚ್ಚಿಹೋಗುತ್ತದೆ.

‘ಬಾಯಿ ಬಿಡಿಸುವುದು’ ಎನ್ನುತ್ತೇವಲ್ಲ ನಾವು? ಠಾಣೆಯ ಸುದ್ದಿ ಬರೆಯುವವರೆಲ್ಲ ಬಳಸುವ ನುಡಿಗಟ್ಟು. ನೀನೂ ಎರಡು ಕಡೆ ಬಳಸಿದ್ದೀಯ. ಅದೇ ಕನ್ನಡದಲ್ಲಿ, ನೀರಡಿಸಿದವನು ‘ಬಾಯಿ ಬಾಯಿ ಬಿಡುತ್ತಾನೆ’. ಈ ಎರಡೂ ಒಂದೇ ಕೋಣೆಯಲ್ಲಿ ನಡೆದವು. ನಾನಾದರೆ ಮೊದಲನೆಯದನ್ನು ಹೊಡೆದುಹಾಕಿ ಎರಡನೆಯದನ್ನು ಮಾತ್ರ ಉಳಿಸಿಕೊಳ್ಳುತ್ತಿದ್ದೆ.

ಪದದ ವಿಷಯದಲ್ಲಿ ನನ್ನದೂ ಒಂದು ತಪ್ಪಿದೆ. ಹೇಳಿಬಿಡುತ್ತೇನೆ. 2004ರ ಏಪ್ರಿಲ್ ಕೊನೆಯಲ್ಲಿ ಇರಾಕಿನ ಅಬು ಗ್ರೈಬ್ ಸೆರೆಮನೆಯ ಚಿತ್ರಗಳು ಹೊರಬಂದಾಗ ನಾನು ಒಂದು ಪತ್ರಿಕೆಯ ಸುದ್ದಿಮನೆಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ತಲೆಗೆ ಮುಸುಕು, ಕೈಗಳಿಗೆ ತಂತಿ, ಪೆಟ್ಟಿಗೆಯ ಮೇಲೆ ನಿಂತ ಮನುಷ್ಯ. ಆ ಚಿತ್ರ ನಿನಗೂ ಗೊತ್ತು. ಸುದ್ದಿ ಸಂಸ್ಥೆಯ ಇಂಗ್ಲಿಷ್ ಪ್ರತಿಯನ್ನು ಮುಂದಿಟ್ಟುಕೊಂಡು ನಾನು ಕೊಟ್ಟ ಶೀರ್ಷಿಕೆ ‘ಇರಾಕಿ ಕೈದಿಗಳಿಗೆ ಕಿರುಕುಳ’. ಕಿರುಕುಳ! ಮನೆ ಮಾಲೀಕ ಬಾಡಿಗೆದಾರನಿಗೆ ಕೊಡುವಂಥದ್ದು. ಗಡುವು ಹತ್ತಿರವಿತ್ತು, ಒಂದು ಕಾಲಂನಲ್ಲಿ ಹಿಡಿಯಬೇಕಿತ್ತು ಎಂದೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ‘ಚಿತ್ರಹಿಂಸೆ’ ಎಂಬ ಪದ ನಮ್ಮಲ್ಲಿ ಇತ್ತು, ಕಾಲಂನಲ್ಲಿ ಹಿಡಿಯುತ್ತಲೂ ಇತ್ತು. ಅದನ್ನು ಬರೆಯಲು ನನಗೆ ಧೈರ್ಯವಿರಲಿಲ್ಲ. ಇಪ್ಪತ್ತು ವರ್ಷ ದಾಟಿದರೂ ಆ ಶೀರ್ಷಿಕೆ ನನ್ನನ್ನು ಬಿಟ್ಟಿಲ್ಲ.

ಧೈರ್ಯ ಬಂದ ಮೇಲೆ ಬೇಕಾದದ್ದು ಕರಾರುವಾಕ್ಕುತನ. ನೀನು ಒಂದು ಕಡೆ ರಮ್ಸ್‌ಫೆಲ್ಡ್‌ನ ಟಿಪ್ಪಣಿಯಿಂದಲೇ ದಿಲಾವರ್ ಸತ್ತ ಎಂದಿದ್ದೀಯ. ಬೇಡ. ಅಮೆರಿಕದ ಆ ರಕ್ಷಣಾ ಮಂತ್ರಿ 2002ರ ಡಿಸೆಂಬರ್ 2ರಂದು ಸಹಿ ಹಾಕಿದ್ದು ಕ್ಯೂಬಾದ ನೆಲದಲ್ಲಿರುವ ಅಮೆರಿಕದ ಗ್ವಾಂಟನಾಮೊ ಸೆರೆಶಿಬಿರದ ವಿಚಾರಣಾ ವಿಧಾನಗಳಿಗೆ. ತಾನು ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿಂತೇ ಕೆಲಸ ಮಾಡುವಾಗ ಕೈದಿಗಳನ್ನು ನಿಲ್ಲಿಸುವುದಕ್ಕೆ ನಾಲ್ಕೇ ಗಂಟೆಯ ಮಿತಿ ಏಕೆ ಎಂದು ಅದರ ಕೆಳಗೆ ಕೈಬರಹದಲ್ಲಿ ಕೇಳಿದ. ಮೂರು ದಿನಗಳ ನಂತರ, ಸಾವಿರಾರು ಕಿಲೋಮೀಟರ್ ದೂರದ ಬಗ್ರಾಮ್‌ಗೆ ದಿಲಾವರ್‌ನನ್ನು ತಂದು, ಮಣಿಕಟ್ಟುಗಳನ್ನು ಚಾವಣಿಗೆ ಬಿಗಿದು ನಿಲ್ಲಿಸಿದರು. ಎರಡು ದಿನಾಂಕಗಳನ್ನೂ ಅಕ್ಕಪಕ್ಕ ಇಡು. ನಡುವೆ ‘ಆದ್ದರಿಂದ’ ಹಾಕಬೇಡ. ನೀನು ಹಾಕುವ ಒಂದು ಸುಳ್ಳು ‘ಆದ್ದರಿಂದ’ ಸಾಕು, ಉಳಿದ ಒಂಬತ್ತು ಸತ್ಯಗಳನ್ನೂ ಜನ ತಳ್ಳಿಹಾಕುತ್ತಾರೆ.

ಆ ನಾಲ್ಕೈದು ದಿನಗಳಲ್ಲಿ ಅವನ ಮೊಣಕಾಲಿನ ಮೇಲೆ, ತೊಡೆಯ ಪಕ್ಕಕ್ಕೆ ಬಿದ್ದ ಒದೆತಗಳು, ಒಬ್ಬ ಕಾವಲುಗಾರನ ಅಂದಾಜಿನಂತೆ, ಒಂದೇ ದಿನದಲ್ಲಿ 100ಕ್ಕೂ ಹೆಚ್ಚು. ಒದ್ದಾಗ ಅವನು ‘ಅಲ್ಲಾ’ ಎಂದು ಕೂಗುವುದನ್ನು ಕೇಳಲು ಸರದಿಯಂತೆ ಬಂದು ಒದ್ದರು. ಬಸ್ಸು ಹರಿದವನ ಕಾಲುಗಳಲ್ಲಿ ಇಂಥ ಗಾಯ ನೋಡಿದ್ದೇನೆ ಎಂದಳು ಶವಪರೀಕ್ಷೆ ಮಾಡಿದ ಸೇನಾ ವೈದ್ಯೆ. ಕೊನೆಯ ಹೊತ್ತಿಗೆ ವಿಚಾರಣೆ ಮಾಡುತ್ತಿದ್ದವರಲ್ಲೇ ಹೆಚ್ಚಿನವರು ಇವನು ನಿರಪರಾಧಿ ಎಂದು ನಂಬಿದ್ದರು. ಅಮೆರಿಕದ ನೆಲೆಯೊಂದರ ಮೇಲೆ ನಡೆದ ರಾಕೆಟ್ ದಾಳಿಯ ಶಂಕೆಯ ಮೇಲೆ ಅವನನ್ನು ಹಿಡಿದಿದ್ದರು; ಕಾರಿನ ಡಿಕ್ಕಿಯಲ್ಲಿ ಸಿಕ್ಕಿದ್ದು ಒಂದು ವಿದ್ಯುತ್ ಸ್ಟೆಬಿಲೈಜರ್. ಅವನನ್ನು ಹಿಡಿದುಕೊಟ್ಟ ಸ್ಥಳೀಯ ಪಡೆಯ ನಾಯಕನೇ ಆ ರಾಕೆಟ್ ದಾಳಿ ನಡೆಸಿರಬೇಕೆಂಬ ಅನುಮಾನ ಆಮೇಲೆ ಅಮೆರಿಕದವರಿಗೇ ಬಂತು. ಬಾಟಲಿಗೆ ತೂತು ಮಾಡಿದವನಿಗೆ ಆದ ಸಜೆ ಐದು ತಿಂಗಳು.

ಈಗ ನಿನ್ನನ್ನು ಸ್ವಲ್ಪ ಕಷ್ಟಕ್ಕೆ ಸಿಲುಕಿಸುತ್ತೇನೆ. ನೀನು ನಿರಪರಾಧಿಯನ್ನು ಆರಿಸಿಕೊಂಡೆ. ಓದುಗ ಅವನಿಗಾಗಿ ಅಳುತ್ತಾನೆ, ಆಮೇಲೆ ಕೇಳುತ್ತಾನೆ: ‘ಅವನು ನಿಜವಾಗಿ ಉಗ್ರನೇ ಆಗಿದ್ದರೆ?’ ಈ ಪ್ರಶ್ನೆಗೆ ನಿನ್ನ ಲೇಖನದಲ್ಲಿ ಜಾಗವೇ ಇಲ್ಲ. ಮೊಹಮ್ಮದ್ ಅಲ್-ಖಹ್ತಾನಿಯ ಬಗ್ಗೆ ಓದು. 2001ರ ಆಗಸ್ಟ್‌ನಲ್ಲಿ ಒರ್ಲಾಂಡೊ ವಿಮಾನ ನಿಲ್ದಾಣದಿಂದ ಅಧಿಕಾರಿಗಳು ವಾಪಸ್ ಕಳಿಸಿದವನು. ಸೆಪ್ಟೆಂಬರ್ 11ರ ಅಪಹರಣಕಾರರ ತಂಡ ಸೇರಲು ಬಂದಿದ್ದ ಎಂದು ಅಮೆರಿಕ ಹೇಳುತ್ತದೆ. ಗ್ವಾಂಟನಾಮೊದಲ್ಲಿ ಅವನನ್ನು ವಾರಗಟ್ಟಲೆ, ದಿನಕ್ಕೆ ಸುಮಾರು 20 ಗಂಟೆ ವಿಚಾರಣೆ ಮಾಡಿದರು. ರಕ್ತನಾಳಕ್ಕೆ ಡ್ರಿಪ್ ಏರಿಸಿ, ಮೂತ್ರಕ್ಕೆ ಬಿಡದೆ, ಬಟ್ಟೆಯಲ್ಲೇ ಹೋಗುವಂತೆ ಮಾಡಿದರು. ಕೊರಳಿಗೆ ಪಟ್ಟಿ ಕಟ್ಟಿ ನಾಯಿಯಂತೆ ಆಡಿಸಿದರು. ಹೃದಯ ಬಡಿತ ನಿಮಿಷಕ್ಕೆ 35ಕ್ಕೆ ಇಳಿದಾಗ ಆಸ್ಪತ್ರೆಗೆ ಒಯ್ದರು, ಸುಧಾರಿಸಿದ ಮೇಲೆ ಮತ್ತೆ ತಂದರು. ಗ್ವಾಂಟನಾಮೊ ಕೈದಿಗಳ ಮೊಕದ್ದಮೆ ನಡೆಸುವ ಸೇನಾ ಆಯೋಗಗಳ ಉಸ್ತುವಾರಿ ಹೊತ್ತಿದ್ದ ಸೂಸನ್ ಕ್ರಾಫೋರ್ಡ್ ಇದು ಕಾನೂನಿನ ಅರ್ಥದಲ್ಲೇ ಚಿತ್ರಹಿಂಸೆ ಎಂದು 2009ರ ಜನವರಿಯಲ್ಲಿ ಹೇಳಿದಳು, ಅದಕ್ಕಾಗಿಯೇ ಅವನ ಮೊಕದ್ದಮೆಯನ್ನು ಮುಂದಕ್ಕೆ ಕಳಿಸಲಿಲ್ಲ ಎಂದಳು. ಕೊನೆಗೆ 2022ರಲ್ಲಿ ಮಾನಸಿಕ ಚಿಕಿತ್ಸೆಗೆಂದು ಸೌದಿಗೆ ಕಳಿಸಿದರು. ಆ ಸೆಪ್ಟೆಂಬರ್ 11ರಂದು ಸತ್ತ ಸುಮಾರು 3,000 ಜನರ ಮನೆಯವರಿಗೆ ಅವನ ವಿಷಯದಲ್ಲಿ ತೀರ್ಪು ಎಂಬುದು ಸಿಗಲೇ ಇಲ್ಲ. ದಿಲಾವರ್ ಪಕ್ಕದಲ್ಲಿ ಇವನನ್ನೂ ನಿಲ್ಲಿಸಿದರೆ ನಿನ್ನ ಲೇಖನ ಕರುಣೆಯನ್ನು ದಾಟಿ ನ್ಯಾಯದ ಮಾತಾಡುತ್ತದೆ.

ಇನ್ನೊಬ್ಬನಿದ್ದಾನೆ, ನಮ್ಮಂಥ ಬರೆಯುವವರಿಗೆ ಬೇಕಾದವನು. ಮಾರಿಟೇನಿಯಾದ ಮೊಹಮದು ಔಲ್ದ್ ಸ್ಲಾಹಿ. ಗ್ವಾಂಟನಾಮೊದಲ್ಲೇ, ಸೆರೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ, 466 ಪುಟ ಕೈಯಲ್ಲಿ ಬರೆದ. ಹತ್ತು ವರ್ಷ ಬಿಟ್ಟು 2015ರಲ್ಲಿ ಅದು ಅಚ್ಚಾದಾಗ ಸಾಲುಗಳನ್ನು ಮುಚ್ಚಲು ಸರ್ಕಾರ ಎಳೆದ ಕಪ್ಪು ಪಟ್ಟೆಗಳು ಪುಟಪುಟದಲ್ಲೂ ಇದ್ದವು. ವಿಚಾರಣೆ ಮಾಡಿದ ಹೆಂಗಸರ ವಿಷಯ ಬಂದಲ್ಲೆಲ್ಲ ‘ಅವಳು’ ಎಂಬ ಸರ್ವನಾಮಕ್ಕೂ ಮಸಿ ಬಳಿದಿದ್ದರು. ಕನ್ನಡದಲ್ಲಿ ಹಾಗೆ ಅಳಿಸಲು ಹೊರಟರೆ ಸರ್ವನಾಮ ಸಾಲದು. ಬಂದಳು, ಕೇಳಿದಳು, ನಕ್ಕಳು, ಪ್ರತಿ ಕ್ರಿಯಾಪದದ ಬಾಲವನ್ನೂ ಕತ್ತರಿಸಬೇಕು. ನಮ್ಮ ಭಾಷೆಯಲ್ಲಿ ಮಾಡಿದವರು ಅಷ್ಟು ಸುಲಭವಾಗಿ ಅಡಗಲಾರರು, ‘ಹೊಡೆಯಲಾಯಿತು’, ‘ಮೃತಪಟ್ಟಿದ್ದಾನೆ ಎನ್ನಲಾಗಿದೆ’ ಎಂಬ ಕರ್ಮಣಿಯನ್ನು ನಾವೇ ಹೊದಿಸದಿದ್ದರೆ. ನಿನ್ನ ಪ್ರತಿಯಲ್ಲಿ ‘ಲಾಯಿತು’ ಹನ್ನೊಂದು ಕಡೆ ಇದೆ. ಗುರುತು ಹಾಕಿದ್ದೇನೆ. ಹನ್ನೊಂದಕ್ಕೂ ಯಾರು ಎಂದು ಉತ್ತರ ಹುಡುಕು.

ಕೊನೆಯದಾಗಿ ನಿನ್ನ ಆರಂಭ. ನೀನು ಶುರುಮಾಡಿರುವುದು ಅವಳಿ ಗೋಪುರಗಳಿಂದ. ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ. ದಿಲಾವರ್ ಸತ್ತ ಮೇಲೆ ಸಹಜ ಸಾವೆಂಬ ಮಾತು ಸೇನೆಯಿಂದ ಬಂದಿತ್ತು. 2003ರ ಆರಂಭದಲ್ಲಿ ವರದಿಗಾರ್ತಿಯೊಬ್ಬಳು ಖೋಸ್ತ್ ಪ್ರಾಂತದ ಯಾಕೂಬಿ ಎಂಬ ಅವನ ಹಳ್ಳಿ ಹುಡುಕಿಕೊಂಡು ಹೋದಾಗ, ಮನೆಯವರು ಶವದ ಜೊತೆ ಬಂದಿದ್ದ ಕಾಗದವನ್ನು ತೋರಿಸಿದರು. ಇಂಗ್ಲಿಷಿನಲ್ಲಿತ್ತು, ಅವರಿಗೆ ಓದಲು ಬರುತ್ತಿರಲಿಲ್ಲ. ಸಾವಿನ ಬಗೆ ಎಂಬಲ್ಲಿ ‘ಹತ್ಯೆ’ ಎಂಬ ಚೌಕಕ್ಕೆ ಗುರುತು ಹಾಕಿತ್ತು.

ಈ ಕಾಗದದಿಂದ ಶುರುಮಾಡಬಹುದು. ಆದರೆ ನಾನಾದರೆ ಅದಕ್ಕೂ ಹಿಂದೆ ಹೋಗುತ್ತಿದ್ದೆ, ಅವನು ಮನೆ ಬಿಟ್ಟ ಬೆಳಿಗ್ಗೆಗೆ. ಈದ್ ಹಬ್ಬ ಬಂದಿತ್ತು. ಸುತ್ತಲ ಹಳ್ಳಿಗಳಿಗೆ ಕೊಟ್ಟಿದ್ದ ಮೂವರು ಹೆಣ್ಣುಮಕ್ಕಳನ್ನು ಹಬ್ಬಕ್ಕೆ ಕರೆದುಕೊಂಡು ಬಾ ಎಂದು ಅವ್ವ ಹೇಳಿದ್ದಳು. ತವರಿನಿಂದ ಕರೆಯಲು ಬರುವ ಅಣ್ಣ ಅಂದರೆ ಏನೆಂದು ಪಂಚಮಿ ಹಬ್ಬ ಮಾಡುವ ನಮ್ಮ ಓದುಗರಿಗೆ ನೀನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಾರಿಗೆ ಪೆಟ್ರೋಲ್ ಹಾಕಿಸಲು ಅವನ ಬಳಿ ದುಡ್ಡಿರಲಿಲ್ಲ. ಮೊದಲು ಖೋಸ್ತ್ ಪಟ್ಟಣಕ್ಕೆ ಹೋಗಿ ಒಂದು ಬಾಡಿಗೆ ಹಿಡಿಯೋಣ ಎಂದುಕೊಂಡು ಹೊರಟ. ಅಲ್ಲಿ ಮೂವರು ಪ್ರಯಾಣಿಕರು ಸಿಕ್ಕರು.

ತಿದ್ದಿದ ಪ್ರತಿಯನ್ನು ಕಳಿಸು. ಅವಸರ ಮಾಡಬೇಡ.

ನಿನ್ನ ಅಕ್ಕ