ದಿನದ ಪಾಲು ಕೊಟ್ಟವರಿಗೆ

ನಮ್ಮ ಯಜಮಾನರಿಗೆ ಕಿಡ್ನಿ ಕಸಿ ಆಗಿ ಮೊನ್ನೆಗೆ ವರ್ಷ ತುಂಬಿತು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್ ಹಿಡಿತದಲ್ಲಿದೆ. ಕಿಡ್ನಿ ಕೊಟ್ಟ ಅತ್ತೆಯವರೂ ಆರಾಮಾಗಿದ್ದಾರೆ. ದೇವರಿಗೆ ಸ್ತೋತ್ರ. ಭಾನುವಾರ ಆರಾಧನೆಯಲ್ಲಿ ಸಾಕ್ಷಿ ಹೇಳಿದ್ದಾಯಿತು. ಆದರೆ ನಾವು ಯಾರಿಗೆ ಋಣಿಯೋ ಅವರಲ್ಲಿ ಅರ್ಧಕ್ಕರ್ಧ ಜನ ಚರ್ಚಿಗೆ ಬರುವವರಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಧಾರವಾಡದವರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1837ರಲ್ಲಿ ಈ ಊರಿಗೆ ಬಂದರು. ಅವರಿಂದ ಬೆಳೆದ ಸಭೆಯಲ್ಲೇ ನಮ್ಮ ಮನೆತನವೂ ಬೆಳೆಯಿತು. ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ಮಾತು ಕಲಿತಾಗಿನಿಂದ ಬಾಯಿಪಾಠ. ಅದರಲ್ಲಿ ಅನುದಿನದ ಆಹಾರ ಕೊಡಪ್ಪಾ ಅಂತ ಕೇಳುತ್ತೇವಲ್ಲ, ಆ ಮಾತು ನನ್ನೊಳಗೆ ಇಳಿದದ್ದು ಕಸಿಗೆ ಮುಂಚೆ ಇವರಿಗೆ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧಿ ಮಾಡುವುದು, ಶುರುವಾದ ಮೇಲೆಯೇ.

ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು. ಎರಡು ಡಯಾಲಿಸಿಸ್ ನಡುವೆ ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ, ಉಸಿರಿಗೇ ಕುತ್ತು. ಹಾಗಾಗಿ ಬೆಳಿಗ್ಗೆ ಒಂದು ಬಾಟಲಿಯಲ್ಲಿ ಅಳೆದು ಇಡುತ್ತಿದ್ದೆ. ಚಹಾ, ಸಾರು, ಗುಳಿಗೆಗೆ ಬೇಕಾದ ನೀರು ಎಲ್ಲ ಅದರ ಲೆಕ್ಕದಲ್ಲೇ. ಏಪ್ರಿಲ್ ಬಿಸಿಲಿನಲ್ಲಿ ಅವರು ಆ ಬಾಟಲಿ ಕೈಯಲ್ಲಿ ಹಿಡಿದು, ಎಷ್ಟು ಉಳಿದಿದೆ ಅಂತ ಬೆಳಕಿಗೆ ಎತ್ತಿ ನೋಡುತ್ತಿದ್ದರು. ಒಂದು ಗುಟುಕು ಬಾಯಲ್ಲಿ ಹಿಡಿದು, ತಿರುಗಾಡಿಸಿ, ನಿಧಾನಕ್ಕೆ ನುಂಗುವುದು. ಎಳನೀರು, ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಕೆಟ್ಟ ಕಿಡ್ನಿ ಅದನ್ನು ಹೊರಹಾಕಲಾರದು, ಹಾಗಾಗಿ ಬಂದ್. ತರಕಾರಿ ಹೆಚ್ಚಿ, ಕುದಿಸಿ, ನೀರು ಬಸಿದು ಚೆಲ್ಲಿ ಆಮೇಲೆ ಪಲ್ಯ.

ಆಗ ನನಗೆ ಬೈಬಲಿನ ಮನ್ನಾದ, ಅಂದರೆ ದೇವರು ಆಕಾಶದಿಂದ ಸುರಿಸಿದ ಆಹಾರದ, ಕಥೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಐಗುಪ್ತದಿಂದ ಹೊರಟ ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ದಿನದಿನಕ್ಕೆ ಬೇಕಾದಷ್ಟೇ ಸಿಕ್ಕಿತು. ನಾಳೆಗಿರಲಿ ಅಂತ ಎತ್ತಿಟ್ಟದ್ದು ಹುಳ ಬಿತ್ತು. ನಾಳೆಯ ಚಿಂತೆ ಬಿಡು ಅಂತ ಯೇಸುಸ್ವಾಮಿ ಹೇಳಿದ್ದನ್ನು ಸಂಡೇಸ್ಕೂಲಿನಲ್ಲಿ ಓದಿದ್ದೆ. ಖರ್ಚು, ದಾನಿ, ಮುಂದಿನ ವರ್ಷ ಅಂತ ತಲೆ ಕೆಟ್ಟು ಹೋದಾಗ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಇವತ್ತಿನ ಸರದಿ ಮುಗಿಯಲಿ, ಸಾಕು. ಬೆಳಿಗ್ಗೆ ಎದ್ದ ಕೂಡಲೇ ಅವರ ಎಡಗೈಯ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ರಕ್ತನಾಳ ಜೋಡಿಸಿದ ಜಾಗ) ಮೇಲೆ ಬೆರಳಿಟ್ಟು ನೋಡುತ್ತಿದ್ದೆ. ಚರ್ಮದ ಕೆಳಗೆ ರಕ್ತ ಝುಂ ಅಂತ ಹರಿಯುವುದು ತಿಳಿದರೆ, ಆ ದಿನದ ಮೊದಲ ಸ್ತೋತ್ರ ಅಲ್ಲೇ.

ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1529ರ ತನ್ನ ಚಿಕ್ಕ ಪ್ರಶ್ನೋತ್ತರ ಎಂಬ ಧರ್ಮಪಾಠದ ಪುಸ್ತಕದಲ್ಲಿ ಅನುದಿನದ ಆಹಾರ ಅಂದರೆ ಏನೇನು ಅಂತ ಪಟ್ಟಿ ಮಾಡಿದ್ದಾನೆ. ಅನ್ನ ಬಟ್ಟೆ ಮನೆಯ ಜೊತೆಗೆ ಒಳ್ಳೆಯ ಗೆಳೆಯರು, ಒಳ್ಳೆಯ ನೆರೆಹೊರೆಯವರು ಕೂಡ ಅದರಲ್ಲಿದ್ದಾರೆ. ಆ ಪಟ್ಟಿ ನಿಜ. ಪಕ್ಕದ ಮನೆ ಕಾಕೂ ಆಸ್ಪತ್ರೆಯ ಆಹಾರದ ಚೀಟಿ ಇಸಿದುಕೊಂಡು ಹೋಗಿ ತಮ್ಮ ಅಡುಗೆಮನೆ ಗೋಡೆಗೆ ಅಂಟಿಸಿದರು. ಡಯಾಲಿಸಿಸ್ ದಿನ ನಾವು ಮನೆಗೆ ಬರುವಷ್ಟರಲ್ಲಿ ಬಿಸಿ ರೊಟ್ಟಿ, ಉಪ್ಪು ಹಾಕದ ಪಲ್ಯ ಬೇರೆ ಡಬ್ಬಿಯಲ್ಲಿ. ಆಟೋ ಚಾಚಾ ರಂಜಾನ್ ತಿಂಗಳಲ್ಲೂ ಸಹರಿ ಮುಗಿಸಿ ನೇರವಾಗಿ ನಮ್ಮ ಬಾಗಿಲಿಗೆ ಬಂದರು. ಡಯಾಲಿಸಿಸ್ ಮಾಡುವ ಹುಡುಗ ಪ್ರತಿ ಸಲ ಸೂಜಿ ಹಾಕುವಾಗ "ಸರ್, ಮಗಳು ಹೆಂಗ ಓದಾಕತ್ತಾಳ್ರಿ?" ಅಂತ ಮಾತಿಗೆಳೆಯುತ್ತಿದ್ದ. ಸಭೆಯ ಹೆಣ್ಣುಮಕ್ಕಳು ಉಪವಾಸ ಪ್ರಾರ್ಥನೆ ಇಟ್ಟರು, ಜೊತೆಗೆ ನಮಗೆ ಗೊತ್ತಿಲ್ಲದಂತೆ ಮಗಳ ಫೀಸನ್ನೂ ಕಟ್ಟಿದರು.

ಒಂದು ಮಾತು ಹೇಳಲೇಬೇಕು. ವಿಶ್ವಾಸವಿದ್ದರೆ ಔಷಧಿ ಯಾಕೆ, ಆಪರೇಷನ್ ಯಾಕೆ ಅಂತ ಕೇಳಿದವರೂ ಇದ್ದರು. ನಾನು ಒಪ್ಪುವುದಿಲ್ಲ. ಸುವಾರ್ತೆ ಬರೆದ ಲೂಕನನ್ನು ಅಪೊಸ್ತಲ ಪೌಲನೇ ಪ್ರಿಯ ವೈದ್ಯ ಅಂತ ಕರೆದಿದ್ದಾನೆ. ಡಾಕ್ಟರ ಕೈಯೂ ದೇವರ ಕೊಡುಗೆಯೇ ಅಲ್ವಾ? ನಮ್ಮ ಪ್ರಾರ್ಥನೆಗೆ ಬಲ ಜಾಸ್ತಿ ಇತ್ತು, ಅದಕ್ಕೆ ಇವರು ಉಳಿದರು ಅಂತಲೂ ನಾನು ಎಂದೂ ಹೇಳಲಾರೆ. ಪಕ್ಕದ ಹಾಸಿಗೆಯ ಅಣ್ಣ ಕಸಿಗೆ ಕಾಯುತ್ತಲೇ ತೀರಿಕೊಂಡರು. ಅವರ ಹೆಂಡತಿಯೂ ನನ್ನಷ್ಟೇ ಬೇಡಿಕೊಂಡಿದ್ದರು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅಳುವವರ ಜೊತೆ ಅಳಿರಿ ಅಂತ ಬೈಬಲಿನಲ್ಲಿ ಬರೆದಿದೆ, ಅಷ್ಟು ಮಾಡಿದ್ದೇನೆ. ಅಕ್ಕಾ, ನೀವು ಇದನ್ನು ಓದುತ್ತಿದ್ದರೆ, ದಿನಾ ನಿಮ್ಮನ್ನು ನೆನೆಯುತ್ತೇನೆ.

ಅತ್ತೆಯವರಿಗೆ ಏನಂತ ಹೇಳಲಿ? ಪರೀಕ್ಷೆಗಳು, ಕಸಿಗೆ ಅನುಮತಿ ಕೊಡುವ ಸಮಿತಿಯ ಮುಂದೆ ಹಾಜರಿ, ಎಲ್ಲದಕ್ಕೂ ಇಳಕಲ್ ಸೀರೆ ಉಟ್ಟು ಎಲ್ಲರಿಗಿಂತ ಮುಂಚೆ ತಯಾರಾಗಿ ಕೂರುತ್ತಿದ್ದರು. "ಅವನ್ನ ಹಡದಾಕಿ ನಾನು, ಮತ್ಯಾರು ಕೊಡಬೇಕ?" ಅಂದರು. ಈಗ ಬೆಳಿಗ್ಗೆ ಒಂಬತ್ತು, ರಾತ್ರಿ ಒಂಬತ್ತಕ್ಕೆ ಮಗನ ಗುಳಿಗೆಯ ಗಂಟೆ ಅವರೇ. ಆ ಗುಳಿಗೆ ಜೀವನಪೂರ್ತಿ ತಪ್ಪಿಸುವಂತಿಲ್ಲ. ಅತ್ತೀ, ನಿಮ್ಮ ಪಾದಕ್ಕೆ ನನ್ನ ನಮಸ್ಕಾರ.

ಹೊಸದಾಗಿ ಡಯಾಲಿಸಿಸ್ ಶುರುವಾದ ಮನೆಯವರು ಯಾರಾದರೂ ಇದ್ದರೆ, ಅಡುಗೆ ಹೇಗೆ, ನೀರಿನ ಲೆಕ್ಕ ಹೇಗೆ ಅಂತ ಸಂಕೋಚವಿಲ್ಲದೆ ನನ್ನನ್ನು ಕೇಳಿ. ಮೊದಲ ಸಲ ಆಸ್ಪತ್ರೆಗೆ ಜೊತೆಗೂ ಬರುತ್ತೇನೆ. ಮನೆಯಲ್ಲಿ ಕಿಡ್ನಿ ಕೊಡುವವರು ಇಲ್ಲದಿದ್ದರೆ, ಕಸಿ ಮಾಡುವ ಆಸ್ಪತ್ರೆಯಲ್ಲಿ ಜೀವಸಾರ್ಥಕತೆಯ (ಕರ್ನಾಟಕದ ಅಂಗದಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಕಾಯುವ ಪಟ್ಟಿಯ ಬಗ್ಗೆ ವಿಚಾರಿಸಿ, ತಡ ಮಾಡಬೇಡಿ. ನೀವು ಯಾವ ದೇವರಿಗೆ ಕೈ ಮುಗಿಯುವವರಾದರೂ ಸರಿ. ನಿಮ್ಮವರ ಹೆಸರು ಹೇಳಿದರೆ ನಮ್ಮ ರಾತ್ರಿಯ ಪ್ರಾರ್ಥನೆಯಲ್ಲಿ ಅದನ್ನೂ ಸೇರಿಸಿಕೊಳ್ಳುತ್ತೇವೆ.